ಕತ್ತರಿಗೆ ಸಿಕ್ಕ ಹೆಸರು

ಕೇಳುಗರಿಗೆ ನಮಸ್ಕಾರ. ಕೋಲಾರದಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವವನು ನಾನು. ಇವತ್ತು ನನ್ನ ಕತ್ತರಿಯ ಬಗ್ಗೆ ಮಾತನಾಡಬೇಕಾಗಿದೆ.

ಕಳೆದ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಮಗಳ ಭುಜ ಹಿಡಿದು ಕುಂಟುತ್ತಾ ಬಂದರು. ವಯಸ್ಸು ಅರವತ್ತೈದರ ಆಸುಪಾಸು. ನೋವಿನ ಮುಲಾಮು ಬೇಕಿತ್ತು. ಎರಡೂ ಕಾಲಿನ ಹಿಮ್ಮಡಿಯ ಮೇಲಿನ ದಪ್ಪ ನರ ಊದಿಕೊಂಡಿತ್ತು. ನಾವು ನರ ಎನ್ನುತ್ತೇವೆ, ಅದು ಮೀನಖಂಡವನ್ನು ಹಿಮ್ಮಡಿಗೆ ಬಿಗಿದಿರುವ ಸ್ನಾಯುರಜ್ಜು.

“ಏಣಿ ಹತ್ತಿ ಇಳಿದು ಹೀಗಾಗಿದೆ ಸ್ವಾಮಿ. ರಾತ್ರಿ ಎಣ್ಣೆ ಹಚ್ಚಿ ನೀವುತ್ತಿದ್ದೇವೆ,” ಎಂದರು.

ಎರಡೂ ಕಾಲು ಒಟ್ಟಿಗೆ ನೋಯುತ್ತಿದ್ದುದು ನನಗೇಕೋ ಸರಿಕಾಣಲಿಲ್ಲ. ಈಚೆಗೆ ಯಾವುದಾದರೂ ಮಾತ್ರೆ ತೆಗೆದುಕೊಂಡಿರಾ ಎಂದೆ. ಉರಿಮೂತ್ರಕ್ಕೆ ನಾಲ್ಕು ದಿನದಿಂದ ತೆಗೆದುಕೊಳ್ಳುತ್ತಿದ್ದರಂತೆ. ಯಾವುದೆಂದು ಕೇಳಿದರೆ “ಬಿಳಿಯದು” ಎಂಬ ಉತ್ತರ. ಜೇಬು ತಡಕಿದಾಗ ಪಟ್ಟಿಯ ತುಂಡೊಂದು ಸಿಕ್ಕಿತು: ಒಂದು ಗುಳಿ ಖಾಲಿ, ಇನ್ನೊಂದರಲ್ಲಿ ಮಾತ್ರೆ. ಹಿಂದಿನ ಬೆಳ್ಳಿ ಹಾಳೆಯಲ್ಲಿ “ಫ್ಲಾಕ್ಸಾಸಿನ್” ಎಂಬ ಬಾಲ ಮಾತ್ರ ಇತ್ತು. ತಲೆ ಯಾವುದೋ ಅಂಗಡಿಯ ಕತ್ತರಿಗೆ ಹೋಗಿತ್ತು.

ಪುಣ್ಯಕ್ಕೆ ಮನೆತನದ ಹೆಸರು ಉಳಿದಿತ್ತು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಎಲ್ಲ ಒಂದೇ ಮನೆಯ ಆಂಟಿಬಯಾಟಿಕ್‌ಗಳು, ಅಂದರೆ ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಔಷಧಗಳು. ಬಹುಪಾಲು ಜನರಿಗೆ ಇವು ಕಾಟ ಕೊಡುವುದಿಲ್ಲ. ಎಲ್ಲೋ ಒಬ್ಬರಿಗೆ ಈ ರಜ್ಜು ಉರಿಯೂತಗೊಂಡು ಹರಿಯುತ್ತದೆ. ಅರವತ್ತು ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡ ಕಸಿಯಾದವರಿಗೆ ಅಪಾಯ ಹೆಚ್ಚು. ಹರಿಯುವಾಗ ಯಾರೋ ಹಿಂದಿನಿಂದ ಒದ್ದಂತಾಗುತ್ತದೆ; ಯಾರೆಂದು ತಿರುಗಿ ನೋಡಿದವರಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಈ ಮಾತ್ರೆಗಳ ವಿವರಪತ್ರದಲ್ಲಿ ಕಪ್ಪು ಚೌಕಟ್ಟಿನ, ಅಂದರೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಬೇರೆ ಔಷಧವಿರುವಾಗ ಸಾಧಾರಣ ಉರಿಮೂತ್ರಕ್ಕೆ ಇವು ಬೇಡ ಎಂದು 2016ರಲ್ಲಿ ಹೇಳಿತು. ಕೆಲವೊಮ್ಮೆ ಮಾತ್ರೆ ಮುಗಿದು ತಿಂಗಳುಗಳಾದ ಮೇಲೆ ಕಾಲು ನೋಯುತ್ತದೆ. ಆಗ ಬೈಗುಳ ತಿನ್ನುವುದು ಏಣಿ.

ಮುಲಾಮು ಮಾರಲಿಲ್ಲ. ನೀವುವುದನ್ನು ನಿಲ್ಲಿಸಿ, ಕಾಲಿಗೆ ಭಾರ ಹಾಕಬೇಡಿ, ಉಳಿದ ಮಾತ್ರೆ ನುಂಗುವ ಮೊದಲು ಇವತ್ತೇ ವೈದ್ಯರಿಗೆ ತೋರಿಸಿ ಎಂದು ಆ ತುಂಡನ್ನು ಮಗಳ ಕೈಗೆ ಕೊಟ್ಟೆ. ವೈದ್ಯರು ಮಾತ್ರೆ ಬದಲಿಸಿದರು. ರಜ್ಜು ಹರಿದಿರಲಿಲ್ಲ.

ನಂಟು ಹೊಳೆಯದ ತೊಂದರೆಗಳು ಇನ್ನೂ ಇವೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಮಾತ್ರೆಯಿಂದ ಅಪರೂಪಕ್ಕೆ ಕಾಮಾಲೆ ಬರುತ್ತದೆ, ಅದೂ ಮಾತ್ರೆ ಮುಗಿದು ವಾರಗಳಾದ ಮೇಲೆ. ಕೋಟ್ರೈಮಾಕ್ಸಜೋಲ್ ಎಂಬ ಇನ್ನೊಂದು ಆಂಟಿಬಯಾಟಿಕ್ ನುಂಗಿದಾಗಲೆಲ್ಲ ಕೆಲವರ ತುಟಿಯ ಒಂದೇ ಜಾಗದಲ್ಲಿ ಕಪ್ಪು ಮಚ್ಚೆ ಏಳುತ್ತದೆ. ಬಿಸಿ ಕಾಫಿ ತಗುಲಿತು ಎಂದುಕೊಳ್ಳುತ್ತಾರೆ. ಅದೇ ಔಷಧಕ್ಕೆ ಬಾಯಿ ಹುಣ್ಣಾಗಿ, ಕಣ್ಣು ಕೆಂಪಾಗಿ, ಚರ್ಮ ಸುಲಿಯತೊಡಗಿದರೆ ಒಂದು ಗಂಟೆಯೂ ಕಾಯಬಾರದು. ಯಾವ ಮಾತ್ರೆಯಾದರೂ ಸರಿ, ತುಟಿ ಊದಿ ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ. ಹೆದರಿ ಇಡೀ ಕೋರ್ಸನ್ನು ಕಿಟಕಿಯಿಂದಾಚೆ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ, ಅದು ಬೇರೆಯೇ ಅವಾಂತರ.

ಇಂಥವನ್ನು ದಾಖಲಿಸಲು 2010ರಿಂದ ಭಾರತದಲ್ಲಿ ಒಂದು ಕಾರ್ಯಕ್ರಮ ನಡೆಯುತ್ತಿದೆ. 1800-180-3024 ಎಂಬ ಶುಲ್ಕರಹಿತ ಸಂಖ್ಯೆಗೆ ರೋಗಿಯೇ ಕರೆ ಮಾಡಿ ಹೇಳಬಹುದು. ಆದರೆ ಮೊದಲು ಕೇಳುವುದು ಮಾತ್ರೆಯ ಹೆಸರನ್ನು. ಅದು ನಮ್ಮ ಅಂಗಡಿಯ ಡಬ್ಬದಲ್ಲಿ ಉಳಿದಿರುತ್ತದೆ! ನಾನೂ ಎಷ್ಟೋ ವರ್ಷ ಹಾಗೇ ಕತ್ತರಿಸಿದವನು. ಈಗ ಎರಡೇ ಮಾತ್ರೆ ಕೊಟ್ಟರೂ ಕವರಿನ ಮೇಲೆ ಹೆಸರು, ತಾರೀಖು ಬರೆಯುತ್ತೇನೆ.

ಮೊನ್ನೆ ಆ ರೈತರ ಮಗಳು ಚೀಟಿ ಹಿಡಿದು ಬಂದಿದ್ದರು. ನಾನು ಪೆನ್ನು ಹುಡುಕುವಷ್ಟರಲ್ಲಿ, “ಹೆಸರಿರುವ ಕಡೆಯೇ ಕೊಡಿ ಸ್ವಾಮಿ” ಎಂದರು. ಕೊಟ್ಟೆ. ಹೆಸರಿಲ್ಲದ ಉಳಿದ ತುಂಡನ್ನು ಇನ್ನೂ ಯಾರಿಗೂ ಮಾರಿಲ್ಲ.