ಮುರುಗಲು ನೆಡೋದಾ, ಯಾಲಕ್ಕಿ ನೆಡೋದಾ? ಶಿರಸಿ ಹಿತ್ತಲಿನ ಲೆಕ್ಕಾಚಾರ

ಇಲ್ಲಿ ಕೆಂಪಗೆ ಉದುರಿ ಬಿದ್ದಿದೆಯಲ್ಲ, ಇದು ಮುರುಗಲು ಹಣ್ಣು, ಕೋಕಂ ಅಂತಾರಲ್ಲ, ಅದೇ. ಆಚೆ ಅಡಿಕೆ ಮರದ ಬುಡದಲ್ಲಿ ಶುಂಠಿ ಗಿಡನೇ ಆಳೆತ್ತರ ಬೆಳೆದಂಗೆ ಕಾಣ್ತಿರೋದು ಯಾಲಕ್ಕಿ ಹಿಂಡು, ಹಂಗೆ ಕಾಣೋದ್ರಲ್ಲಿ ಆಶ್ಚರ್ಯ ಏನಿಲ್ಲ, ಅದು ಶುಂಠಿ ಕುಟುಂಬದ್ದೇ. ಇವತ್ತಿನ ವಿಡಿಯೋ ಇವೆರಡರ ಬಗ್ಗೆ, ಯಾಕಂದ್ರೆ ಜೂನ್ ಬಂತು ಅಂದ್ರೆ ಬೆಂಗಳೂರಲ್ಲಿರೋ ನಮ್ಮ ಪೈಕಿಯವರು ಫೋನ್ ಮಾಡಿ ಕೇಳೋದು ಇದನ್ನೇ, ಊರ ಮನೆ ಹಿಂದೆ ಸ್ವಲ್ಪ ಜಾಗ ಖಾಲಿ ಬಿದ್ದಿದೆ, ಮಳೆಗಾಲದಲ್ಲಿ ಏನಾದ್ರೂ ನೆಟ್ಟುಬಿಡೋಣ, ಹಣ್ಣಿನ ಮರ ನೆಡೋದಾ ಇಲ್ಲಾ ನೆರಳಲ್ಲಿ ಬರೋ ಯಾಲಕ್ಕಿ ನೆಡೋದಾ ಅಂತ. ಎಲ್ಲರೂ ಮಣ್ಣು ಹೆಂಗಿದೆ, ರೇಟು ಎಷ್ಟಿದೆ ಅಂತ ಶುರು ಮಾಡ್ತಾರೆ. ನಾನು ಕೇಳೋದು ಬೇರೆನೇ: ಊರ ಮನೇಲಿ ಈಗ ಯಾರಿದ್ದಾರೆ?

ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಮರ ನೋಡಿ. ಕ್ಯಾಮೆರಾ ಮೇಲೆ ಎತ್ತಿದಾಗ ಕಾಣ್ತಿದೆಯಲ್ಲ, ಕೊಂಬೆ ಎಲ್ಲಾ ಕೆಳಗೆ ಜೋತು ಬಿದ್ದು, ವರ್ಷಪೂರ್ತಿ ಹಸಿರು, ಚಿಗುರು ಮಾತ್ರ ಕೆಂಪು. ನೋಡೋಕೇ ಚಂದ. ಚಳಿಗಾಲದಲ್ಲಿ ಹೂವಾಗಿ ಏಪ್ರಿಲ್ ಮೇ ಹೊತ್ತಿಗೆ ಹಣ್ಣು. ಜಂಬಿಟ್ಟಿಗೆ ಮಣ್ಣಿರೋ ಬ್ಯಾಣದಲ್ಲೂ, ಅಂದ್ರೆ ಹುಲ್ಲು ಬೆಳೆಯೋ ಬಯಲಲ್ಲೂ ಬರುತ್ತೆ, ಮೊದಲೆರಡು ಮೂರು ಬೇಸಿಗೆ ನೀರು ಕೊಟ್ಟು ಬದುಕಿಸಿಕೊಂಡ್ರೆ ಮುಂದೆ ಅದರ ಪಾಡಿಗೆ ಅದು. ಕಾಡಲ್ಲಿ ದೊಡ್ಡ ಮರಗಳ ಸಂದಿಯಲ್ಲೂ ಬೆಳೆಯುತ್ತೆ ನಿಜ, ಆದ್ರೆ ಬಿಸಿಲು ಸಿಕ್ಕಿದ್ರೆ ಹಣ್ಣು ಜಾಸ್ತಿ.

ಇದರಲ್ಲಿ ಇರೋ ದೊಡ್ಡ ತಲೆಬಿಸಿ ಅಂದ್ರೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿ ಎಬ್ಬಿಸಿದ ಸಸಿ ಆದ್ರೆ ಅದು ಹೂ ಬಿಡೋವರೆಗೂ ಯಾವುದು ಅಂತ ನೋಡಿ ಹೇಳೋಕೆ ಬರಲ್ಲ, ಹೂ ಬಿಡೋಕೆ ಏಳೆಂಟು ವರ್ಷ ಬೇಕು, ಅಷ್ಟು ವರ್ಷ ಬೇಲಿ ಕಟ್ಟಿ ಗೊಬ್ಬರ ಹಾಕಿ ಸಾಕಿದ ಮೇಲೆ ಅದು ಗಂಡು ಅಂತ ಗೊತ್ತಾದ್ರೆ ಹೆಂಗಿರುತ್ತೆ ಹೇಳಿ, ಮತ್ತೆ ಅದು ಅಪರೂಪ ಏನಲ್ಲ, ಬೀಜದ ಸಸಿಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ ಗಂಡೇ. ಅದಕ್ಕೇ ಹಿತ್ತಲಿಗೆ ಒಂದೆರಡೇ ಗಿಡ ನೆಡೋರು ಕಸಿ ಗಿಡನೇ ತನ್ನಿ. ಚೆನ್ನಾಗಿ ಹಣ್ಣು ಬಿಡೋ ಹೆಣ್ಣು ಮರದ ಕಡ್ಡಿ ತಂದು ಕಸಿ ಕಟ್ಟಿರ್ತಾರೆ, ನಾಲ್ಕೈದು ವರ್ಷಕ್ಕೆ ಹಣ್ಣು ಕಾಣುತ್ತೆ.

ಕಸಿಯಲ್ಲೂ ಒಂದು ನೋಡ್ಕೊಬೇಕು. ಅಡ್ಡ ಕೊಂಬೆಯ ಕಡ್ಡಿ ಹಾಕಿ ಕಟ್ಟಿದ್ರೆ ಆ ಗಿಡ ಮೇಲಕ್ಕೇ ಏಳಲ್ಲ, ಎಷ್ಟು ವರ್ಷ ಆದ್ರೂ ಪೊದೆ ತರ ಅಗಲಕ್ಕೆ ಹರಡಿಕೊಂಡೇ ಇರುತ್ತೆ. ನೆಟ್ಟಗೆ ಮೇಲೆ ಹೋಗೋ ಚಿಗುರಿನ ಕಡ್ಡಿ ಹಾಕಿದ್ರೆ ಮಾತ್ರ ಮರದ ಆಕಾರ ಬರುತ್ತೆ. ಕೆಲವರಿಗೆ ಕುಳ್ಳ ಗಿಡನೇ ಇಷ್ಟ, ಕೈಗೆ ಸಿಗೋ ಎತ್ತರದಲ್ಲಿ ಹಣ್ಣು ಅಂತ. ನನಗೇನೋ ಮುರುಗಲು ಅಂದ್ರೆ ಗೋಪುರದ ತರ ಎದ್ದು ನಿಲ್ಲಬೇಕು. ಹಾಂ, ಪರಾಗಕ್ಕೆ ಹತ್ತಿರದಲ್ಲಿ ಗಂಡು ಮರ ಒಂದು ಬೇಕೇ ಬೇಕು, ನಮ್ಮ ಕಡೆ ಸೊಪ್ಪಿನಬೆಟ್ಟದಲ್ಲಿ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡಲ್ಲಿ, ತಾನಾಗೇ ಎದ್ದಿರೋದು ಎಲ್ಲಾದ್ರೂ ಇದ್ದರೆ ಅಷ್ಟೇ ಸಾಕು.

ಈಗ ಕೆಳಗೆ ಬನ್ನಿ, ತೋಟಕ್ಕೆ. ಕಾಲು ನೋಡಿ ಇಡಿ, ಮಳೆ ಬಿದ್ದ ಮೇಲೆ ಉಂಬಳ, ಅದೇ ರಕ್ತ ಹೀರೋ ಜಿಗಣೆ, ಶುರು. ಯಾಲಕ್ಕಿ ಹೂವು ಎಲ್ಲಿದೆ ಅಂತ ಹುಡುಕೋರು ಮೇಲೆ ನೋಡ್ತಾರೆ, ಅದು ಇರೋದು ಬುಡದಲ್ಲಿ, ಒಣಗಿ ಬಿದ್ದ ಎಲೆ ದರಕಿನ ಮೇಲೆ ತೆವಳ್ಕೊಂಡು ಹೋಗಿದೆಯಲ್ಲ ಈ ಎಳೆ, ಅದರಲ್ಲಿ. ಬಿಳಿ ಎಸಳು, ಮೇಲೆ ನೇರಳೆ ಗೆರೆ. ಒಂದು ಹೂ ಅರಳಿರೋದು ಒಂದೇ ದಿನ, ಅಷ್ಟರೊಳಗೆ ಜೇನು ಬಂದು ಹೋಗಬೇಕು. ಇವತ್ತು ಅರಳಿದ್ದು ಕಾಯಿ ಬಲಿಯೋಕೆ ಮೂರು ನಾಲ್ಕು ತಿಂಗಳು.

ಬುಡದಲ್ಲಿ ಏಳೋ ಮರಿ ಗಿಡ, ಅಂದ್ರೆ ಕಂದು, ಕಿತ್ತು ನೆಟ್ರೆ ಮೂರನೇ ವರ್ಷದಿಂದ ಕಾಯಿ. ಮುರುಗಲಿನ ಮುಂದೆ ಇದು ಬೇಗನೇ. ಆದ್ರೆ ಒಂದು ಹಿಂಡು ಎಂಟ್ಹತ್ತು ವರ್ಷಕ್ಕೆ ಸೋತುಹೋಗುತ್ತೆ, ಮತ್ತೆ ಹೊಸ ಕಂದು. ಬೇರು ಮೇಲೆಮೇಲೇ ಇರೋದ್ರಿಂದ ಆಳಕ್ಕೆ ನೆಡಬಾರದು, ಆಳ ಆದ್ರೆ ಕೊಳೆಯುತ್ತೆ, ಬೇಸಿಗೆಯಲ್ಲಿ ತೇವ ತಪ್ಪಿದ್ರೆ ಒಣಗುತ್ತೆ, ನೀರು ನಿಂತ್ರೂ ಕಷ್ಟ. ನೆರಳು ಅಂದ್ರೆ ಕತ್ತಲೆ ಅಲ್ಲ, ಅಡಿಕೆ ಸೋಗೆ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳ್ತಿರಬೇಕು, ಅರ್ಧ ಬಿಸಿಲು ಅರ್ಧ ನೆರಳು. ಪೂರ್ತಿ ಕತ್ತಲಲ್ಲಿ ಇಟ್ರೆ ಎಲೆ ಸೊಂಪಾಗಿ ಬರುತ್ತೆ, ಕಾಯಿ ಇಲ್ಲ. ಹಂಗಾಗಿ ಮುರುಗಲು ಮರದ ಅಡಿಗೇ ಯಾಲಕ್ಕಿ ನೆಟ್ರೆ ಎರಡೂ ಆಯ್ತಲ್ಲ ಅನ್ನೋ ಐಡಿಯಾ ಬಿಟ್ಟುಬಿಡಿ, ಆ ಜೋತು ಬಿದ್ದ ಕೊಂಬೆ ಕೆಳಗೆ ಬೆಳಕೇ ಇರಲ್ಲ.

ರೋಗದ ಮಾತು ಬಂದ್ರೆ ಕಟ್ಟೆ ರೋಗ. ಇದು ವೈರಸ್, ಗಿಡದ ರಸ ಹೀರೋ ಸಸ್ಯಹೇನಿನಿಂದ ಹಿಂಡಿಂದ ಹಿಂಡಿಗೆ ಹರಡುತ್ತೆ, ಎಳೆ ಎಲೆಯಲ್ಲಿ ತಿಳಿಹಸಿರು ಗೆರೆ ತುಂಡು ತುಂಡಾಗಿ ಕಾಣಿಸುತ್ತೆ. ಔಷಧಿ ಇಲ್ಲ. ಕಿತ್ತು ಸುಡೋದೊಂದೇ ದಾರಿ. ಆ ಹೇನು ಕೆಸುವಿನ ಜಾತಿ ಗಿಡದಲ್ಲೂ ಇರುತ್ತೆ, ಪತ್ರೊಡೆಗೆ ಬೇಕು ಅಂತ ಕೆಸುವನ್ನ ಯಾಲಕ್ಕಿ ಪಕ್ಕದಲ್ಲೇ ಬೆಳೆಸೋರು ಸ್ವಲ್ಪ ದೂರ ಇಡಿ. ಕಂದು ಯಾರ ತೋಟದಿಂದ ತರ್ತೀರೋ ಆ ತೋಟಾನ ಮೊದಲು ಸುತ್ತಿ ಬನ್ನಿ, ಬಿಟ್ಟಿ ಸಿಗುತ್ತೆ ಅಂತ ರೋಗ ಹೊತ್ಕೊಂಡು ಬರೋದು ಬೇಡ. ಇದರ ಮೇಲೆ ಮಳೆಗಾಲದ ಕೊಳೆ, ಇಲಿ, ಅಳಿಲು.

ಇಷ್ಟೆಲ್ಲಾ ಹೇಳಿದ್ದು ಯಾಕಂದ್ರೆ ಈಗ ಮೊದಲಿನ ಪ್ರಶ್ನೆಗೆ ಬರ್ತೀನಿ. ಯಾಲಕ್ಕಿ ಕಾಯಿ ಒಟ್ಟಿಗೇ ಬಲಿಯಲ್ಲ. ಆಗಸ್ಟ್ ಸೆಪ್ಟೆಂಬರಿಂದ ಹಿಡಿದು ಜನವರಿವರೆಗೂ ಎರಡು ಮೂರು ವಾರಕ್ಕೊಮ್ಮೆ ಹಿಂಡು ಹಿಂಡಿಗೂ ಬಗ್ಗಿ, ಬಲಿತಿದ್ದು ಯಾವುದು ಎಳೆದು ಯಾವುದು ನೋಡಿ, ಒಂದೊಂದೇ ಬಿಡಿಸಬೇಕು, ಅದೂ ಜಾರೋ ತೋಟದಲ್ಲಿ, ಮಳೆಯಲ್ಲಿ, ಉಂಬಳ ಕಿತ್ತು ಹಾಕ್ಕೊಂಡು. ತಂದಿದ್ದನ್ನ ಬಿಸಿಲಿಗೆ ಹಾಕಿದ್ರೆ ಹಸಿರು ಬಣ್ಣ ಹೋಗುತ್ತೆ, ಹದವಾದ ಶಾಖದಲ್ಲಿ ನಿಧಾನ ಒಣಗಿಸಬೇಕು. ಐದು ಕೆಜಿ ಹಸಿ ಕಾಯಿಗೆ ಹತ್ತಿರಹತ್ತಿರ ಒಂದು ಕೆಜಿ ಒಣಗಿದ್ದು. ಇದನ್ನ ಮಾಡೋದು ಫೋನ್ ಮಾಡಿದ ಮಗ ಅಲ್ಲ, ಮನೇಲಿರೋ ಎಪ್ಪತ್ತರ ಆಸುಪಾಸಿನ ತಾಯಿ. ನಮ್ಮ ಆಯಿ ನೇರವಾಗೇ ಹೇಳಿದ್ರು, "ಯಂಗೆ ಬಗ್ಗಲೆ ಆಗ್ತಿಲ್ಲೆ ಕೂಸೆ." ಆ ಮಾತಿನ ಮುಂದೆ ಯಾಲಕ್ಕಿ ರೇಟು ಎಷ್ಟಿದ್ರೆ ಏನು.

ಮುರುಗಲು ಹಂಗಲ್ಲ, ವರ್ಷಕ್ಕೊಂದೇ ಸೀಸನ್, ಹಣ್ಣು ತಾನೇ ಬೀಳುತ್ತೆ, ಹೆಕ್ಕಿದ್ರಾಯ್ತು. ಮಗ ಮೇ ರಜಕ್ಕೆ ಬಂದಾಗ ಮಕ್ಕಳೇ ಹೆಕ್ತಾರೆ. ಹೋಳು ಮಾಡಿ ಸಿಪ್ಪೆ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಹಾಕಿ ಬಿಸಿಲಿಗಿಟ್ರೆ ಶರಬತ್ತಿನ ರಸ, ಒಣಗಿಸಿದ್ರೆ ವರ್ಷಪೂರ್ತಿ ಸಾರಿಗೆ ಹುಳಿ, ಬೀಜ ಕುಟ್ಟಿ ನೀರಲ್ಲಿ ಕುದಿಸಿದ್ರೆ ಮೇಲೆ ತೇಲೋದು ಮುರುಗಲು ತುಪ್ಪ, ತಣ್ಣಗಾದ್ರೆ ಗಟ್ಟಿ, ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೇದು ನಾನಂತೂ ನೋಡಿಲ್ಲ. ಕಷ್ಟ ಇರೋದು ಒಂದೇ ಕಡೆ: ಹಣ್ಣು ಬೀಳೋ ಹೊತ್ತಿಗೆ ಮಳೆ ಹಿಡಿದುಬಿಟ್ರೆ ಸಿಪ್ಪೆಗೆ ಬೂಸ್ಟು. ಒಲೆ ಮೇಲೆ ಅಟ್ಟ ಇರೋ ಮನೆ ಆದ್ರೆ ಬಚಾವ್.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಈ ಯೋಚನೆನೇ ಬೇಡ. ಯಾಲಕ್ಕಿಗೆ ಚೆನ್ನಾಗಿ ಒಗ್ಗೋದು 600 ಮೀಟರ್‌ನಿಂದ ಮೇಲೆ, ಶಿರಸಿನೇ ಅದರ ಅಂಚಲ್ಲಿದೆ, ದೇವಿಮನೆ ಘಟ್ಟ ಇಳಿದ ಮೇಲೆ ಆ ಸೆಕೆಗೆ ಎಲೆ ಬರಬಹುದು, ಬೆಳೆ ಅಂತ ನಂಬ್ಕೊಂಡು ಕೂರೋಕಾಗಲ್ಲ. ನೀವು ಮುರುಗಲೇ ನೆಡಿ, ಮುರುಗಲು ಹುಳಿ ತೆಂಗಿನಹಾಲಿನ ಸೋಲ್ ಕಡಿ ಇಲ್ಲದೆ ನಿಮಗೆ ಮೀನೂಟ ಆಗುತ್ತಾ?

ಹಂಗಂತ ಯಾಲಕ್ಕಿ ಬೇಡ ಅಂತ ನಾನು ಹೇಳ್ತಿಲ್ಲ. ತೋಟಕ್ಕೆ ದಿನಾ ಇಳಿಯೋ ಜನ ಮನೇಲಿದ್ರೆ ಅಡಿಕೆ ಸಂದಿಯ ಆ ನೆರಳಿಗೆ ಇದಕ್ಕಿಂತ ಒಳ್ಳೆ ಗಿಡ ಇಲ್ಲ. ನಮ್ಮನೇಲಿ ಈ ಸಲ ಹಿಂಗೆ ಮಾಡ್ತಿದ್ದೀವಿ. ಬಚ್ಚಲುಮನೆ ಹಿಂದೆ ತೇವ ಇರೋ ಕಡೆ, ಆಯಿ ಪಾತ್ರೆ ತೊಳೆಯೋಕೆ ಹೋದಾಗ ಕೈಗೆ ಸಿಗೋ ಹಂಗೆ, ಪಾಯಸಕ್ಕೆ ಚಹಾಕ್ಕೆ ಆಗುವಷ್ಟು ಯಾಲಕ್ಕಿ, ಅದನ್ನೂ ಏರಿ ಮಾಡಿ ಎತ್ತರದಲ್ಲಿ ನೆಡ್ತೀವಿ, ಬಗ್ಗೋದು ಕಮ್ಮಿ ಆಗ್ಲಿ ಅಂತ. ಮೇಲೆ ಬ್ಯಾಣದ ಬದಿಗೆ ಮುರುಗಲು ಕಸಿ, ಗಿಡದಿಂದ ಗಿಡಕ್ಕೆ 20 ಅಡಿ ಬಿಟ್ಟು, ಎರಡಡಿ ಗುಂಡಿ ತೆಗೆದು. ಗುಂಡಿ ತೆಗೆದಾಗಿದೆ. ಕಸಿ ಗಿಡ ನಾಳೆ ತರೋದು, ಕೆಂಪಿನ ಜೊತೆ ಬಿಳಿ ಮುರುಗಲಿನ ಕಸಿ ಸಿಕ್ಕಿದ್ರೆ ಅದೂ ಒಂದು.