ಬಾಡಿಗೆಗೆ ಪಠ್ಯಪುಸ್ತಕ

ಕೇಳುಗರೇ, ನಮಸ್ಕಾರ.

ಮಾಯಾ ಜನ ಅಂದ ಕೂಡಲೇ ನಮಗೆ ನೆನಪಾಗುವುದು ಕಾಡಿನ ನಡುವಿನ ಪಿರಮಿಡ್ಡು, ಆಮೇಲೆ 2012ರಲ್ಲಿ ಲೋಕವೇ ಮುಳುಗಿಹೋಗುತ್ತದೆ ಅಂತ ಟಿವಿಯವರು ಎಬ್ಬಿಸಿದ ಗುಲ್ಲು. ಆ ಜನ ಎಲ್ಲೂ ಮಾಯವಾಗಿಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ಇವತ್ತಿಗೂ ನೂರರಲ್ಲಿ ನಲವತ್ತಕ್ಕಿಂತ ಜಾಸ್ತಿ ಮಂದಿ ಮಾಯಾ ಮೂಲದವರು. ಕಿಚೆ, ಕಕ್ಚಿಕೆಲ್, ಮಾಮ್ ಹೀಗೆ ಅವರದು 22 ಭಾಷೆಗಳು. ಕಚೇರಿ, ಕೋರ್ಟು, ಶಾಲೆಯಲ್ಲಿ ಮಾತ್ರ ಸ್ಪ್ಯಾನಿಷ್‌ದೇ ದರ್ಬಾರು.

ಅಲ್ಲಿ 36 ವರ್ಷ ಅಂತರ್ಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಸೇರಿ 2 ಲಕ್ಷಕ್ಕೂ ಹೆಚ್ಚು ಅಂತ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. 1996ರ ಡಿಸೆಂಬರ್ ಕೊನೆಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು.

ಅದೇ 1996ರಲ್ಲಿ ಅಮೆರಿಕದ ಸಿನ್ಸಿನಾಟಿ ಊರಿನ ಅಣ್ಣತಮ್ಮಂದಿರಿಬ್ಬರು, ಜೋ ಮತ್ತು ಜೆಫ್ ಬರ್ನಿಂಜರ್, ಒಂದು ಸಂಸ್ಥೆ ಕಟ್ಟಿದರು. ಹೆಸರು ಕೋಆಪರೇಟಿವ್ ಫಾರ್ ಎಜುಕೇಶನ್. ಅದಕ್ಕೂ ಮೊದಲು ಜೆಫ್ ಗ್ವಾಟೆಮಾಲಾಕ್ಕೆ ಹೋಗಿ ಸ್ವಯಂಸೇವಕರಾಗಿ ಇಂಗ್ಲಿಷ್ ಕಲಿಸಿದ್ದರು. ಅಲ್ಲಿನ ಮಕ್ಕಳ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಮೇಷ್ಟ್ರು ಬೋರ್ಡಿನ ತುಂಬ ಬರೆಯುವುದು, ಮಕ್ಕಳು ತಲೆ ಬಗ್ಗಿಸಿ ಅದನ್ನು ನಕಲು ಮಾಡಿಕೊಳ್ಳುವುದು, ಒರೆಸಿ ಮತ್ತೆ ಬರೆಯುವುದು. ಇನ್ನೇನು ಪಾಠ ಹೇಳಬೇಕು ಅನ್ನುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಪುಸ್ತಕ ಇಲ್ಲದಿದ್ದರೆ ಪುಸ್ತಕ ಕೊಟ್ಟರಾಯಿತು, ಅಲ್ವಾ? ಈ ಅಣ್ಣತಮ್ಮಂದಿರು ಸುಮ್ನೆ ಕೊಡಲಿಲ್ಲ. ಬಾಡಿಗೆಗೆ ಕೊಟ್ಟರು! ಏಳರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಗಣಿತ, ವಿಜ್ಞಾನ, ಸಮಾಜ, ಸ್ಪ್ಯಾನಿಷ್ ಪುಸ್ತಕಗಳು. ಮೊದಲ ಸಲದ ಖರ್ಚು ದಾನಿಗಳದ್ದು. ಆಮೇಲೆ ಪ್ರತಿ ಮನೆಯವರೂ ಸಣ್ಣ ಶುಲ್ಕ ಕಟ್ಟುತ್ತಾರೆ. ಆ ದುಡ್ಡು ಒಂದು ನಿಧಿಯಲ್ಲಿ ಕೂಡುತ್ತಾ ಹೋಗುತ್ತದೆ. ಐದು ವರ್ಷಕ್ಕೆ ಪುಸ್ತಕದ ರಟ್ಟು ಕಿತ್ತು, ಹಾಳೆ ಸವೆದಿರುತ್ತದೆ. ಅಷ್ಟರಲ್ಲಿ ಹೊಸ ಸೆಟ್ಟು ಕೊಳ್ಳುವಷ್ಟು ಹಣ ನಿಧಿಯಲ್ಲಿ ರೆಡಿ.

ಬಡವರ ಹತ್ತಿರ ದುಡ್ಡು ಕೇಳುವುದೇ ಅಂತ ನಿಮಗೆ ಅನ್ನಿಸಬಹುದು. ನನಗೆ ಹಿಡಿಸಿದ್ದೇ ಅದು. ದಾನವಾಗಿ ಬಂದ ಕಂಪ್ಯೂಟರ್ ಮುಂದಿನ ವರ್ಷವೇ ಬೆಡ್‌ಶೀಟ್ ಹೊದ್ದು ಮೂಲೆಯಲ್ಲಿ ಕೂತಿದ್ದನ್ನು ನಾವು ಬೇಕಾದಷ್ಟು ಶಾಲೆಗಳಲ್ಲಿ ಕಂಡಿದ್ದೇವೆ. ಈ ಸಂಸ್ಥೆ ಕಂಪ್ಯೂಟರ್ ಕೊಠಡಿಗಳಿಗೂ ಇದೇ ಲೆಕ್ಕ ಹಾಕಿದೆ. ಹಳೇ ಯಂತ್ರ ಬದಲಿಸುವ ಹಣ ಶುಲ್ಕದಿಂದಲೇ ಹುಟ್ಟಬೇಕು.

ಚಿಕ್ಕ ಮಕ್ಕಳಿಗೆ ಬೇರೆಯದೇ ಕ್ರಮವಿದೆ. ಮೇಡಂ ಒಂದು ಕಥೆ ಓದುತ್ತಾರೆ. ಮಕ್ಕಳು ಎದ್ದು ಅದನ್ನು ಆಡಿ ತೋರಿಸುತ್ತಾರೆ. ಒಬ್ಬ ಕೋಳಿ, ಇನ್ನೊಬ್ಬಳು ನರಿ, ಒಂದಷ್ಟು ಗದ್ದಲ, ನಗು. ಆಮೇಲೆ ಎಲ್ಲರೂ ಸೇರಿ ಆ ಕಥೆಯನ್ನು ತಮ್ಮದೇ ಮಾತಿನಲ್ಲಿ ಹೇಳುತ್ತಾರೆ. ಅದನ್ನು ದೊಡ್ಡ ದೊಡ್ಡ ಹಾಳೆಗಳ ಮೇಲೆ ಬರೆದು, ಚಿತ್ರ ಬಿಡಿಸಿ, ಹೊಲಿದರೆ ತರಗತಿಗೊಂದು ಪುಸ್ತಕ. ತಾವೇ ಮಾಡಿದ ಪುಸ್ತಕವನ್ನು ಮಕ್ಕಳು ಓದದೇ ಇರುತ್ತಾರೆಯೇ? ಈ ಕೆಲಸದಲ್ಲಿ ರೋಟರಿ ಕ್ಲಬ್ಬುಗಳು ಜೊತೆಗಿವೆ. ಹೌದು, ನಮ್ಮೂರುಗಳಲ್ಲಿ ಕಣ್ಣಿನ ಶಿಬಿರ ಮಾಡಿಸುವ ಅದೇ ರೋಟರಿ.

ನನ್ನದೊಂದು ತಕರಾರೂ ಇದೆ. ಪಠ್ಯಪುಸ್ತಕ ಇರುವುದು ಸ್ಪ್ಯಾನಿಷಿನಲ್ಲಿ. ಮನೆಯಲ್ಲಿ ಕಕ್ಚಿಕೆಲ್ ಆಡುವ ಹುಡುಗಿಗೆ ಗಣಿತದ ಜೊತೆ ಭಾಷೆಯೂ ಲೆಕ್ಕವೇ. ಮಾಯಾ ಭಾಷೆಗಳಿಗೆ ಮಾನ್ಯತೆ ಕೊಡುವ ಕಾನೂನು 2003ರಲ್ಲೇ ಬಂದಿದೆ. ಕಾನೂನು ಬಂದ ಮಾತ್ರಕ್ಕೆ ಪುಸ್ತಕ ಅಚ್ಚಾಗುವುದಿಲ್ಲ ಅನ್ನುವುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆರನೇ ತರಗತಿ ಮುಗಿಯಿತು ಅನ್ನಿ. ಅಲ್ಲಿಗೆ ಎಷ್ಟೋ ಮಕ್ಕಳ ಓದು ನಿಲ್ಲುತ್ತದೆ, ಅದರಲ್ಲೂ ಹೆಣ್ಣುಮಕ್ಕಳದ್ದು. ಮುಂದಿನ ಶಾಲೆ ದೂರ. ಬಸ್ಸಿನ ಖರ್ಚು, ಯೂನಿಫಾರಂ, ಮೇಲಾಗಿ ಕೂಲಿಗೆ ಹೋಗಬಹುದಾದ ಎರಡು ಕೈ. ಇಲ್ಲಿ ಬಾಡಿಗೆಯ ಉಪಾಯ ನಡೆಯುವುದಿಲ್ಲ. ಅದಕ್ಕೇ ಏಳನೇ ತರಗತಿಯಿಂದ ಹನ್ನೆರಡರವರೆಗೆ ವಿದ್ಯಾರ್ಥಿವೇತನ ಕೊಡುತ್ತಾರೆ. ಆ ದುಡ್ಡು ಮಾತ್ರ ನಿಧಿಗೆ ತಿರುಗಿ ಬರುವಂಥದ್ದಲ್ಲ, ದಾನಿಗಳ ಮುಂದೆ ಕೈಚಾಚಿಯೇ ಎತ್ತಬೇಕು.

ನಮಸ್ಕಾರ.