ಬೇವಿನ ಕಷಾಯದಲ್ಲಿ ಬೆಳ್ಳಿಯ ಕಣ

ಕೇಳುಗರಿಗೆ ನಮಸ್ಕಾರ. ಬೆಳ್ಳಿಯೆಂದರೆ ನಮಗೆ ಕಾಲುಂಗುರ, ಕುಂಕುಮದ ಬಟ್ಟಲು ನೆನಪಾಗುತ್ತವೆ. ನಾನು ಹೇಳಹೊರಟಿರುವ ಬೆಳ್ಳಿಯ ಕಣ ಬರಿಗಣ್ಣಿಗೆ ಕಾಣದು. ಅದು 100 ನ್ಯಾನೋಮೀಟರಿಗಿಂತ ಚಿಕ್ಕದು, ಮತ್ತು ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರುಗಳಿವೆ. ಇಂತಹ ಕಣಗಳನ್ನು ಬೇವಿನ ಎಲೆಯ ಕಷಾಯದಿಂದಲೇ ಪಡೆಯಬಹುದೆಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಇಲ್ಲಿ ಎಲೆ ಎರಡು ಕೆಲಸ ಮಾಡುತ್ತದೆ: ನೀರಿನಲ್ಲಿ ಕರಗಿರುವ ಬೆಳ್ಳಿಯ ಅಯಾನನ್ನು, ಅಂದರೆ ವಿದ್ಯುದಾವೇಶವುಳ್ಳ ಪರಮಾಣುವನ್ನು, ಲೋಹವಾಗಿಸುತ್ತದೆ, ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅವುಗಳ ಮೈಗೆ ಹೊದಿಕೆಯನ್ನೂ ಹಾಕುತ್ತದೆ.

ನಾನು ವಿದ್ಯಾರ್ಥಿನಿಯಾಗಿದ್ದಾಗ ಹಾಸ್ಟೆಲ್ಲಿನ ಅಂಗಳದ ಬೇವಿನ ಎಲೆ ಹತ್ತು ಗ್ರಾಂ ತೂಗಿ, ನೂರು ಮಿಲಿಲೀಟರ್ ನೀರಿನಲ್ಲಿ ಕುದಿಸಿ, ಸೋಸಿ ಇಟ್ಟುಕೊಂಡೆ. ಭಟ್ಟಿ ಇಳಿಸಿದ ನೀರು ಅಂದು ಮುಗಿದಿತ್ತು. ನೀರು ನೀರೇ ಅಲ್ಲವೇ ಎಂದುಕೊಂಡು ಬೋರ್‌ವೆಲ್ ನೀರಿನಲ್ಲಿಯೇ ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟನ್ನು ಕರಗಿಸಿದೆ. ಬೀಕರಿನೊಳಗೆ ಮೋಡ ಕವಿದಂತಾಯಿತು. ಪಕ್ಕದಲ್ಲಿ ಗಾಜಿನ ನಳಿಗೆ ತೊಳೆಯುತ್ತಿದ್ದ ಹಿರಿಯ ಅಟೆಂಡರ್ ಇಣುಕಿ ನೋಡಿ, "ಏನಮ್ಮಾ, ಬೆಳ್ಳಿ ಮಾಡ್ತೀನಿ ಅಂತ ಮಜ್ಜಿಗೆ ಮಾಡಿದ್ದೀಯಲ್ಲ?" ಎಂದರು. ನೀರಿನ ಉಪ್ಪಿನಲ್ಲಿದ್ದ ಕ್ಲೋರೈಡು ಬೆಳ್ಳಿಯನ್ನು ಹಿಡಿದು ಸಿಲ್ವರ್ ಕ್ಲೋರೈಡಾಗಿ ಕೆಳಗಿಳಿಸಿತ್ತು. ಕಿಟಕಿಯ ಬೆಳಕಿಗೆ ಅದು ಮೆಲ್ಲನೆ ನೇರಳೆಗಟ್ಟಿತು. ಕೈಗವಸು ಹಾಕದಿದ್ದ ತಪ್ಪಿಗೆ ನನ್ನ ಬೆರಳ ತುದಿಗಳೂ ಕಪ್ಪಾದವು, ವಾರ ಕಳೆದರೂ ಹೋಗಲಿಲ್ಲ. ಮರುದಿನ ಶುದ್ಧ ನೀರಿನಲ್ಲಿ ಲೀಟರಿಗೆ 0.17 ಗ್ರಾಂ ಲೆಕ್ಕದಲ್ಲಿ ಸಿಲ್ವರ್ ನೈಟ್ರೇಟಿನ ದ್ರಾವಣ ಮಾಡಿ, ಅದರ ಒಂಬತ್ತು ಪಾಲಿಗೆ ಒಂದು ಪಾಲು ಕಷಾಯ ಬೆರೆಸಿದೆ. ತಿಳಿಹಳದಿ ಬಣ್ಣ ಸಂಜೆಯೊಳಗೆ ಬೆಲ್ಲದ ಪಾಕದಂತೆ ಕಂದಾಯಿತು. ಬೆಳ್ಳಿ ಲೋಹವಾದುದರ ಗುರುತು ಅದು. ಎಲೆ ಎರಡು ಕೆಲಸ ಮಾಡುತ್ತದೆ ಎಂದೆನಲ್ಲ, ಎರಡನೆಯದು ನಡೆಯದಿದ್ದರೆ ಕಣಗಳು ಗುಂಪುಗೂಡಿ ತಳಕ್ಕೆ ಕೂರುತ್ತವೆ.

ಸಮಯ ಕಡಿಮೆಯಿರುವುದರಿಂದ ಜೈವಿಕ ಗುಣವನ್ನು ಬೇಗನೆ ಹೇಳುತ್ತೇನೆ. ಈ ಕಣಗಳಿಂದ ಹೊರಬೀಳುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸಿ, ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಚಪ್ಪಟೆಯಾದ ಪೆಟ್ರಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ಜೆಲ್ಲಿಯೊಳಗೆ ಕುಳಿ ಕೊರೆದು ಈ ದ್ರಾವಣ ತುಂಬಿದರೆ, ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ ಮೂಡುತ್ತದೆ. ಪಕ್ಕದ ಕುಳಿಯಲ್ಲಿ ಬರಿಯ ಕಷಾಯವನ್ನೂ ಇಡಲೇಬೇಕು. ಇಲ್ಲವಾದರೆ ಕೊಂದದ್ದು ಬೆಳ್ಳಿಯೋ ಬೇವೋ ಎಂದು ತಿಳಿಯುವುದು ಹೇಗೆ? ಇದನ್ನು ಪ್ರತಿ ವರ್ಷವೂ ಹೇಳಬೇಕಾಗಿ ಬರುತ್ತದೆ. ಇನ್ನು, ಬೆಳ್ಳಿ ನೀರನ್ನು ಕುಡಿಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ದಯವಿಟ್ಟು ಬೇಡ. ಬಹುಕಾಲ ಕುಡಿದವರ ಚರ್ಮ ಬೂದಿಬಣ್ಣಕ್ಕೆ ತಿರುಗಬಹುದು, ಮತ್ತು ಆ ಬಣ್ಣ ನನ್ನ ಬೆರಳಿನ ಕಲೆಯಂತೆ ದಿನ ಕಳೆದರೆ ಮಾಸುವಂಥದ್ದಲ್ಲ.